ಎಲ್ಫಬಾ–ಗ್ಲಿಂಡಾ ಬ್ರಿಕ್ ಗೊಂಬೆ: ಮುಖದ ಪ್ಲೇಟ್ ಕೂರುತ್ತಿಲ್ಲ, ಗೌನಿನ ಎಸಳು ನಿಲ್ಲುತ್ತಿಲ್ಲ

ಅರ್ಧಸ್ಟಡ್:

ಎಲ್ಲರಿಗೂ ನಮಸ್ಕಾರ. 2024ರ ‘ವಿಕೆಡ್’ ಚಿತ್ರದ ಹಸಿರು ಮೈಯ ಮಾಟಗಾತಿ ಎಲ್ಫಬಾ ಮತ್ತು ಅವಳ ಗೆಳತಿ ಗ್ಲಿಂಡಾ, ಇಬ್ಬರನ್ನೂ ಲೆಗೋ ತುಂಡುಗಳಲ್ಲಿ ಸ್ವಂತ ವಿನ್ಯಾಸದಲ್ಲಿ ಕಟ್ಟುತ್ತಿದ್ದೇನೆ. ಬ್ರಿಕ್‌ಹೆಡ್ಜ್ ಮಾದರಿಯ ದೊಡ್ಡ ಚೌಕ ತಲೆ, ಅದರ ಕೆಳಗೆ ಚಿಕ್ಕ ಮೈ. ಎಲ್ಫಬಾ ಟೋಪಿ ಸೇರಿ ಸುಮಾರು 20 ಸೆಂ.ಮೀ. ಆಗುತ್ತಾಳೆ. ಈಗ ನಾಲ್ಕು ಕಡೆ ಕೈಕಟ್ಟಿದೆ.

ತಲೆ: 4×4 (ನಾಲ್ಕು ಸ್ಟಡ್ ಅಗಲ, ನಾಲ್ಕು ಸ್ಟಡ್ ಆಳ) ತಿರುಳು. ಪಕ್ಕದಲ್ಲಿ ಸ್ಟಡ್ (ಇನ್ನೊಂದು ತುಂಡು ಕಚ್ಚಿಕೊಳ್ಳುವ ದುಂಡು ಉಬ್ಬು) ಇರುವ ಬ್ರಿಕ್‌ಗಳನ್ನು ಒಂದರ ಮೇಲೊಂದು ಮೂರು ಸಾಲು ಇಟ್ಟಿದ್ದೇನೆ. ಮುಖಕ್ಕೆಂದು 4×4 ಪ್ಲೇಟ್ (ತೆಳು ಚಪ್ಪಟೆ ತುಂಡು) ಒತ್ತಿದರೆ ಮೇಲಿನ ಸಾಲು ಕಚ್ಚಿಕೊಳ್ಳುತ್ತದೆ, ಎರಡನೆಯದು ಕಚ್ಚುವುದಿಲ್ಲ. ಬಲವಾಗಿ ಒತ್ತಿದರೆ ಪ್ಲೇಟ್ ಉಬ್ಬುತ್ತದೆ.

ಗೌನು: ಗ್ಲಿಂಡಾಗೆ ತುಂಡು ಸಂಖ್ಯೆ 30033ರ (ಎಂಟು ಮೂಲೆಯ ಬಾರ್, ಅಂದರೆ ದುಂಡು ಕಡ್ಡಿ, ಸುತ್ತುವರಿದ 2×2 ಪ್ಲೇಟ್) ಸುತ್ತ ಎಂಟು ಕ್ಲಿಪ್, ಪ್ರತಿ ಕ್ಲಿಪ್ಪಿಗೆ ಒಂದು 2×6 ಪ್ಲೇಟ್. ಸೊಂಟದ ಹತ್ತಿರ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಕೈಬಿಟ್ಟ ತಕ್ಷಣ ಜೋತುಬೀಳುತ್ತವೆ.

ಬಣ್ಣ: ಎಲ್ಫಬಾಳ ಮುಖಕ್ಕೆ ‘ಡಾರ್ಕ್ ಗ್ರೀನ್’ ಎಂದು ಬರೆದುಕೊಂಡು ತರಿಸಿದ ತುಂಡುಗಳು ಎರಡು ಬೇರೆ ಬೇರೆ ಹಸಿರಾಗಿ ಬಂದಿವೆ. ಹೆಸರು ಮಾತ್ರ ಒಂದೇ.

ಟೋಪಿ: ಅಂಚು ಅಗಲ ಮಾಡಿದರೆ ಗೊಂಬೆ ವಾಲುತ್ತದೆ, ಕಿರಿದು ಮಾಡಿದರೆ ಟೋಪಿಯಂತೆಯೇ ಕಾಣುವುದಿಲ್ಲ.

ಕಾರಣ ಗೊತ್ತಾದರೆ ಉಳಿದದ್ದನ್ನು ತಿದ್ದಿಕೊಳ್ಳುತ್ತೇನೆ.

ಐದುಪ್ಲೇಟ್:

ತಲೆಯ ವಿಷಯ ನಾನು ಹೇಳುತ್ತೇನೆ. ಸ್ಟಡ್‌ನಿಂದ ಸ್ಟಡ್‌ಗೆ ಇರುವ ದೂರ 8 ಮಿ.ಮೀ., ಬ್ರಿಕ್‌ನ ಎತ್ತರ 9.6 ಮಿ.ಮೀ. ನೀವು ಬ್ರಿಕ್ ಮೇಲೆ ಬ್ರಿಕ್ ಇಟ್ಟಾಗ ಪಕ್ಕದ ಸ್ಟಡ್‌ಗಳ ನಡುವೆ 9.6 ಮಿ.ಮೀ. ಬೀಳುತ್ತದೆ. ಮುಖದ ಪ್ಲೇಟ್‌ನ ಅಡಿಯಲ್ಲಿ ತೂತಿರುವುದು 8ಕ್ಕೊಂದು. ಅದು ಕೂರುವುದು ಸಾಧ್ಯವೇ ಇಲ್ಲ. ಬಲವಂತ ಮಾಡಬೇಡಿ, ಪಕ್ಕದ ಸ್ಟಡ್ ಇರುವ ತುಂಡು ಬಿರಿದರೆ ಇಡೀ ತಲೆ ಬಿಚ್ಚಬೇಕಾಗುತ್ತದೆ.

ಪಕ್ಕಕ್ಕೆ ತಿರುಗಿಸಿ ಕಟ್ಟುವ ಎಲ್ಲ ಕೆಲಸಕ್ಕೂ ಲೆಕ್ಕ ಒಂದೇ: ಐದು ಪ್ಲೇಟ್ ಎತ್ತರ ಅಂದರೆ ಎರಡು ಸ್ಟಡ್ ಅಗಲ. 3.2 × 5 = 16, 8 × 2 = 16. ಒಂದು ಬ್ರಿಕ್ ಮೂರು ಪ್ಲೇಟ್‌ಗೆ ಸಮ. ಹಾಗಾಗಿ ಬ್ರಿಕ್, ಎರಡು ಪ್ಲೇಟ್, ಬ್ರಿಕ್, ಎರಡು ಪ್ಲೇಟ್. ಒಟ್ಟು ಹತ್ತು ಪ್ಲೇಟ್, 32 ಮಿ.ಮೀ., ಸರಿಯಾಗಿ ನಾಲ್ಕು ಸ್ಟಡ್. ಮುಖದ 4×4 ಪ್ಲೇಟ್‌ನ ಒಂದನೇ ಮತ್ತು ಮೂರನೇ ಸಾಲು ಕಚ್ಚಿಕೊಳ್ಳುತ್ತವೆ. ಅಷ್ಟು ಹಿಡಿತ ಸಾಕು.

ಇಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ಆ ಕ್ರಮ ಮೇಲಿನಿಂದ ಕೆಳಕ್ಕೆ. ಅಂದರೆ ಕಟ್ಟುವಾಗ ಮೊದಲು ಎರಡು ಪ್ಲೇಟ್, ಆಮೇಲೆ ಬ್ರಿಕ್. 87087, 11211, 30414 ಸಂಖ್ಯೆಯ ತುಂಡುಗಳಲ್ಲಿ ಪಕ್ಕದ ಸ್ಟಡ್ ಬ್ರಿಕ್‌ನ ನಟ್ಟನಡುವೆ ಇರುವುದಿಲ್ಲ, ಅದರ ಕೇಂದ್ರ ಮೇಲಂಚಿನಿಂದ 4 ಮಿ.ಮೀ. ಕೆಳಗಿರುತ್ತದೆ. ಬ್ರಿಕ್ ಮೇಲಿದ್ದರೆ ಮುಖದ ಪ್ಲೇಟ್‌ನ ಮೇಲಂಚು ತಿರುಳಿನ ಮೇಲಂಚಿಗೆ ಸಮನಾಗಿ ನಿಲ್ಲುತ್ತದೆ. ಕ್ರಮ ತಲೆಕೆಳಗಾಗಿ ಬ್ರಿಕ್ ಕೆಳಗೆ ಬಂದರೆ ಮುಖ ಅರ್ಧ ಪ್ಲೇಟ್, ಅಂದರೆ 1.6 ಮಿ.ಮೀ., ಮೇಲೆದ್ದು ನಿಲ್ಲುತ್ತದೆ. ಟೋಪಿಯ ಅಂಚೋ ಕೂದಲಿನ ಪ್ಲೇಟೋ ಆಮೇಲೆ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಆಗ ದೋಷ ಟೋಪಿಯಲ್ಲಿ ಕಾಣಿಸುತ್ತದೆ, ಇರುವುದು ಕತ್ತಿನ ಹತ್ತಿರ.

ಒಂದು ತಲೆಯ ತಿರುಳಿಗೆ ಬೇಕಾದದ್ದು: 30414 (ಪಕ್ಕಕ್ಕೆ ನಾಲ್ಕು ಸ್ಟಡ್ ಇರುವ 1×4) ನಾಲ್ಕು, 11211 (ಪಕ್ಕಕ್ಕೆ ಎರಡು ಸ್ಟಡ್ ಇರುವ 1×2) ನಾಲ್ಕು, 4×4 ಪ್ಲೇಟ್ (3031) ನಾಲ್ಕು, ಒಳಗೆ ತುಂಬಲು 2×2 ಬ್ರಿಕ್ (3003) ಎರಡು. ಪ್ರತಿ ಬ್ರಿಕ್ ಸಾಲಿನಲ್ಲಿ ಮುಂದೆ–ಹಿಂದೆ 30414, ಎಡ–ಬಲಕ್ಕೆ ಅವುಗಳ ನಡುವೆ 11211.

ಇನ್ನು ಮೂಲೆಗಳು. ನಾಲ್ಕೂ ಮುಖಕ್ಕೆ 4×4 ಪ್ಲೇಟ್ ಹಾಕಿದರೆ ನಾಲ್ಕೂ ಮೂಲೆಯಲ್ಲಿ ಉದ್ದುದ್ದ ಹಳ್ಳ ಬಿಟ್ಟುಕೊಳ್ಳುತ್ತದೆ. ಎಡ–ಬಲಕ್ಕೆ 4×6 (3032) ಹಾಕಿ, ಆರು ಸ್ಟಡ್‌ನ ಬದಿ ಅಡ್ಡಲಾಗಿರಲಿ. ಮುಂದೆ ಹಿಂದೆ 8 ಮಿ.ಮೀ. ಚಾಚುತ್ತದೆ. ಮುಖ ಒಂದು ಪ್ಲೇಟ್, ಅದರ ಮೇಲೊಂದು ಟೈಲ್ (ಸ್ಟಡ್ ಇಲ್ಲದ ನುಣುಪು ತುಂಡು) ಸೇರಿ 6.4 ಮಿ.ಮೀ. ದಪ್ಪ. ಹಾಗಾಗಿ ಮುಖ 1.6 ಮಿ.ಮೀ. ಒಳಗೆ ಕೂರುತ್ತದೆ, ಪಕ್ಕದ ಪ್ಲೇಟ್ ಕೂದಲಿನ ಹಾಗೆ ಮುಖವನ್ನು ಚೌಕಟ್ಟು ಕಟ್ಟುತ್ತದೆ. ಎಲ್ಫಬಾಳ ನೀಳಗೂದಲಿಗೆ ಇದಕ್ಕಿಂತ ಚೆನ್ನಾದ ಉಪಾಯ ಇಲ್ಲ ಎಂದೇ ನನ್ನ ಅಭಿಪ್ರಾಯ. ಒಳಗೆ ಕೂರುವುದು ಬೇಡ, ಸಮನಾಗಿಯೇ ಬರಬೇಕು ಎಂದರೆ ಪಕ್ಕದ ಸ್ಟಡ್‌ನ ಬ್ರಿಕ್ ಬಿಟ್ಟು ಬ್ರಾಕೆಟ್ (L ಆಕಾರದ ತುಂಡು) ಬಳಸಿ. ಬ್ರಾಕೆಟ್‌ನ ನಿಂತ ಗೋಡೆ 1.6 ಮಿ.ಮೀ., ಅದಕ್ಕೆ ಪ್ಲೇಟ್ ಮತ್ತು ಟೈಲ್ ಸೇರಿದರೆ ಪೂರ್ತಿ 8.

ಕಣ್ಣಿಗೆ ಕಪ್ಪು 1×1 ದುಂಡು ಟೈಲ್ (98138), ಒಂದನೇ ಮತ್ತು ನಾಲ್ಕನೇ ಕಂಬಸಾಲಿನಲ್ಲಿ, ಮುಖದ ನಡುಗೆರೆಗಿಂತ ಕೆಳಗೆ. ಮೇಲೆ ಇಟ್ಟರೆ ಗೊಂಬೆಗೆ ವಯಸ್ಸಾದ ಮುಖ ಬರುತ್ತದೆ.

ಎಸಳುಗೌನು:

ಗೌನಿಗೆ ನೀವು ಆರಿಸಿದ ದಾರಿ ಸರಿಯಾಗಿದೆ, ಎಸಳಿನ ಆಕಾರ ತಪ್ಪಾಗಿದೆ.

ಎಂಟು ಎಸಳು ಒಂದು ವೃತ್ತದ ಸುತ್ತ ನಿಂತಾಗ, ಮಧ್ಯದಿಂದ ಎಸಳಿನ ತನಕದ ದೂರವನ್ನು 0.83ರಿಂದ ಗುಣಿಸಿದರೆ ಒಂದೊಂದು ಎಸಳಿಗೆ ಸಿಗುವ ಅಗಲ ಬರುತ್ತದೆ. ಬಾರ್ ಮಧ್ಯದಿಂದ 12 ಮಿ.ಮೀ. ದೂರ ಎಂದಿಟ್ಟುಕೊಳ್ಳಿ. ಅಲ್ಲಿ ಸಿಗುವುದು ಸುಮಾರು 10 ಮಿ.ಮೀ., ನಿಮ್ಮ 2×6ರ ಅಗಲ 16. ಗುದ್ದಿಕೊಳ್ಳುವುದು ಅದಕ್ಕೇ. ಎಸಳು 48 ಮಿ.ಮೀ. ಉದ್ದವಿದ್ದು ನೇರದಿಂದ 30 ಡಿಗ್ರಿ ಹೊರಚಾಚಿದರೆ ಕೆಳತುದಿ ಮಧ್ಯದಿಂದ 36 ಮಿ.ಮೀ. ದೂರ ಹೋಗುತ್ತದೆ, ಅಲ್ಲಿ ಸಿಗುವ ಅಗಲ ಸುಮಾರು 30. ಅಲ್ಲಿ ನಿಮ್ಮ ಎಸಳುಗಳ ನಡುವೆ 14 ಮಿ.ಮೀ. ಬಿರುಕು. ಮೇಲೆ ಇಕ್ಕಟ್ಟು, ಕೆಳಗೆ ಸಡಿಲು. ಗೌನಿನ ಎಸಳು ಮೇಲೆ ಒಂದು ಸ್ಟಡ್, ಕೆಳಗೆ ಮೂರು ಸ್ಟಡ್ ಇರಬೇಕು.

ಹೀಗೆ ಮಾಡಿ. ಎಸಳಿನ ಬೆನ್ನೆಲುಬಿಗೆ 1×6 ಪ್ಲೇಟ್ (3666). ಮೇಲಿನ ತುದಿಯ ಅಡಿಗೆ, ತುದಿಯಲ್ಲಿ ಅಡ್ಡ ಕ್ಲಿಪ್ ಇರುವ 1×2 ಪ್ಲೇಟ್ (63868). 1×1ರ ಕ್ಲಿಪ್ ಬೇಡ, ಒಂದೇ ಸ್ಟಡ್ ಹಿಡಿದಿರುವುದರಿಂದ ಎಸಳು ಗಡಿಯಾರದ ಮುಳ್ಳಿನಂತೆ ಪಕ್ಕಕ್ಕೆ ತಿರುಗುತ್ತದೆ. ಬೆನ್ನೆಲುಬಿನ ಮೊದಲ ಎರಡು ಸ್ಟಡ್ ಒಂದೇ ಅಗಲವಿರಲಿ, 1×2 ಟೈಲ್ ಮುಚ್ಚಿ. ಮೂರು, ನಾಲ್ಕು, ಐದನೇ ಸ್ಟಡ್ ಮೇಲೆ ಒಂದೊಂದು 15573 ಅಡ್ಡಲಾಗಿ. ಇದು ನಡುವೆ ಒಂದೇ ಸ್ಟಡ್ ಇರುವ 1×2 ಜಂಪರ್. ಇದರ ಅಡಿಭಾಗವೂ ನಡುವೆ ಸ್ಟಡ್ ಹಿಡಿಯುತ್ತದೆ, ಹಾಗಾಗಿ ಎರಡೂ ಕಡೆ ಸಮನಾಗಿ 4 ಮಿ.ಮೀ. ಚಾಚುತ್ತದೆ. ಹಳೆಯ ಜಂಪರ್‌ಗೆ (3794) ಈ ಗುಣ ಇಲ್ಲ, ಕೊಳ್ಳುವಾಗ ಅಡಿ ನೋಡಿ. ಆರನೇ ಸ್ಟಡ್ ಮೇಲೆ 1×3 ಟೈಲ್ (63864), ನಡುವಿನ ತೂತು ಬೆನ್ನೆಲುಬಿಗೆ.

ಎಂಟು ಎಸಳಿಗೆ ಒಟ್ಟು: 3666 ಎಂಟು, 63868 ಎಂಟು, 1×2 ಟೈಲ್ ಎಂಟು, 15573 ಇಪ್ಪತ್ನಾಲ್ಕು, 63864 ಎಂಟು. ಜಂಪರ್‌ಗಳ ನಡುವೆ ಉಳಿಯುವ ಒಂಟಿ ಸ್ಟಡ್ ಮೇಲೆ ಪಾರದರ್ಶಕ ಗುಲಾಬಿ 1×1 ದುಂಡು ಟೈಲ್ ಇಪ್ಪತ್ನಾಲ್ಕು ಕೂರಿಸಿದರೆ ಪ್ರತಿ ಎಸಳಿಗೂ ಒಂದು ಮಿಂಚುವ ಸಾಲು ಬರುತ್ತದೆ.

ಅಗಲವನ್ನು ಇನ್ನೂ ಬೇಗ ಹೆಚ್ಚಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. 2 ಸ್ಟಡ್ ಅಗಲಕ್ಕೆ ಮಧ್ಯದಿಂದ 19.3 ಮಿ.ಮೀ. ದೂರ ಬೇಕು, 3 ಸ್ಟಡ್‌ಗೆ 29 ಬೇಕು. ಐದನೇ ಸ್ಟಡ್‌ನಲ್ಲೇ ಮೂರರ ಅಗಲ ಶುರುವಾದರೆ ಒಂದು ಮಿ.ಮೀ.ಗೂ ಕಡಿಮೆ ಜಾಗ ಸಾಲದೆ ಎಂಟೂ ಎಸಳು ಒಂದನ್ನೊಂದು ತಳ್ಳಿ, ಯಾವುದೋ ಒಂದು ಕ್ಲಿಪ್ ಬಾರ್‌ನಿಂದ ಹಾರುತ್ತದೆ.

ಜೋತುಬೀಳುವುದಕ್ಕೆ ಕ್ಲಿಪ್ಪಿನ ಬಿಗಿ ಹೆಚ್ಚಿಸಲು ಹೋಗಬೇಡಿ. ಕ್ಲಿಪ್ ಎಷ್ಟೇ ಬಿಗಿಯಿದ್ದರೂ ಕಾಲಕ್ರಮೇಣ ಸಡಿಲವಾಗುತ್ತದೆ. ಎಸಳುಗಳು ಒಳಗಿನಿಂದ ಒರಗಲು ಒಂದು ತಟ್ಟೆ ಕೊಡಿ. 8×8 ದುಂಡು ಪ್ಲೇಟ್‌ನ ಅಂಚು ಮಧ್ಯದಿಂದ 32 ಮಿ.ಮೀ. ಬಾರ್‌ನಿಂದ 11 ಪ್ಲೇಟ್ ಕೆಳಗೆ ಇಟ್ಟರೆ ಎಸಳು ಸರಿಸುಮಾರು 30 ಡಿಗ್ರಿಗೆ ನಿಲ್ಲುತ್ತದೆ. ಒಂದು ಪ್ಲೇಟ್ ಮೇಲೆ ಅಥವಾ ಕೆಳಗೆ ಮಾಡಿದರೆ ಕೋನ ಎರಡರಿಂದ ಎರಡೂವರೆ ಡಿಗ್ರಿ ಬದಲಾಗುತ್ತದೆ, ನಿಮ್ಮ ಕಣ್ಣಿಗೆ ಹಿಡಿಸುವಂತೆ ಹೊಂದಿಸಿ. ಈಗ ಎಸಳಿನ ಭಾರವೇ ಅದನ್ನು ತಟ್ಟೆಗೆ ಒತ್ತಿ ಹಿಡಿಯುತ್ತದೆ. ತಟ್ಟೆಯೂ ಗೌನಿನ ಬಣ್ಣದ್ದೇ ಇರಲಿ, ಕೆಳಗೆ ಉಳಿಯುವ 6 ಮಿ.ಮೀ. ಸಂದಿನಲ್ಲಿ ಅದು ಕಾಣುತ್ತದೆ.

ಡಿಜಿಟಲ್ ಆಗಿ ಪರೀಕ್ಷಿಸುವವರಿಗೆ ಒಂದು ಮಾತು. ಸ್ಟುಡಿಯೋ ತಂತ್ರಾಂಶ ತುಂಡು ತುಂಡಿಗೆ ಢಿಕ್ಕಿಯಾದರೆ ತೋರಿಸುತ್ತದೆ. ಕ್ಲಿಪ್ ಭಾರಕ್ಕೆ ಜಾರುವುದನ್ನು ತೋರಿಸುವುದಿಲ್ಲ. ಪರದೆಯಲ್ಲಿ ಎಸಳು ಗಾಳಿಯಲ್ಲಿ ನಿಂತೇ ಇರುತ್ತದೆ.

ಬಣ್ಣದಪಟ್ಟಿ:

ಹಸಿರಿನ ಗೊಂದಲಕ್ಕೆ ಕಾರಣ ಎರಡು ಹೆಸರುಪಟ್ಟಿಗಳು. ಲೆಗೋ ತನ್ನ ಬಣ್ಣಗಳಿಗೆ ಇಟ್ಟ ಹೆಸರು ಬೇರೆ, ಬಿಡಿ ತುಂಡುಗಳ ಆನ್‌ಲೈನ್ ಮಾರುಕಟ್ಟೆಯಾದ ಬ್ರಿಕ್‌ಲಿಂಕ್‌ನಲ್ಲಿ ನಡೆಯುವ ಹೆಸರು ಬೇರೆ. ಲೆಗೋದ ‘ಡಾರ್ಕ್ ಗ್ರೀನ್’ (ಸಂಖ್ಯೆ 28) ಬ್ರಿಕ್‌ಲಿಂಕ್‌ನಲ್ಲಿ ಬರೀ ‘ಗ್ರೀನ್’. ಬ್ರಿಕ್‌ಲಿಂಕ್‌ನ ‘ಡಾರ್ಕ್ ಗ್ರೀನ್’ ಲೆಗೋದಲ್ಲಿ ‘ಅರ್ತ್ ಗ್ರೀನ್’ (141), ಅದು ಕಾಡಿನ ಗಾಢ ಹಸಿರು. ನಿಮಗೆ ಬಂದಿರುವುದು ಈ ಎರಡೂ. ‘ಬ್ರೈಟ್ ಗ್ರೀನ್’ (37) ಎರಡೂ ಕಡೆ ಒಂದೇ, ಅದರಲ್ಲಿ ಮೋಸ ಹೋಗುವುದಿಲ್ಲ. ‘ಲೈಮ್’ ಅಂದರೆ ಲೆಗೋದ ‘ಬ್ರೈಟ್ ಯೆಲ್ಲೋಯಿಶ್ ಗ್ರೀನ್’ (119).

ಗ್ಲಿಂಡಾಗೂ ಇದೇ ಬಲೆ ಕಾದಿದೆ. ಬ್ರಿಕ್‌ಲಿಂಕ್‌ನ ‘ಬ್ರೈಟ್ ಪಿಂಕ್’ ಲೆಗೋದಲ್ಲಿ ‘ಲೈಟ್ ಪರ್ಪಲ್’ (222), ‘ಡಾರ್ಕ್ ಪಿಂಕ್’ ಅಲ್ಲಿ ‘ಬ್ರೈಟ್ ಪರ್ಪಲ್’ (221). ಪರ್ಪಲ್ ಎಂದು ಓದಿ ನೇರಳೆ ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಹೆಸರು ಬರೆದುಕೊಳ್ಳುವುದನ್ನು ನಿಲ್ಲಿಸಿ, ಸಂಖ್ಯೆ ಬರೆದುಕೊಳ್ಳಿ.

ಮುಖಕ್ಕೆ ಯಾವ ಹಸಿರು ಎಂಬುದನ್ನು ತುಂಡುಗಳೇ ತೀರ್ಮಾನಿಸಲಿ. ಮೊದಲು ಬೇಕಾದ ಆಕಾರಗಳ ಪಟ್ಟಿ ಮಾಡಿ: 4×4 ಪ್ಲೇಟ್, 1×2 ಮತ್ತು 2×2 ಟೈಲ್, ಕೈಗೆ ಬೇಕಾದ ತುಂಡು. ಅವೆಲ್ಲ ಒಂದೇ ಬಣ್ಣದಲ್ಲಿ ಸಿಗುತ್ತವೆಯೇ ನೋಡಿ, ಆಮೇಲೆ ಬಣ್ಣ ಆರಿಸಿ. ಬಣ್ಣ ಮೊದಲು ಆರಿಸಿಕೊಂಡರೆ ಕೊನೆಗೆ ಕೈ ಒಂದು ಹಸಿರು, ಮುಖ ಇನ್ನೊಂದು ಹಸಿರು. ತಿರುಳು ಯಾವ ಬಣ್ಣದ್ದಾದರೂ ಆಗಬಹುದು, ಹೊರಗೆ ಕಾಣುವುದಿಲ್ಲ.

ಇನ್ನೊಂದು. ರಂಗದ ಮೇಲಿನ ‘ವಿಕೆಡ್’ನಲ್ಲಿ ಗ್ಲಿಂಡಾ ಗುಳ್ಳೆಯಲ್ಲಿ ಇಳಿದುಬರುವಾಗಿನ ಗೌನು ನೀಲಿ, ಸಿನಿಮಾದಲ್ಲಿ ಗುಲಾಬಿ. ಚಿತ್ರ ನೋಡಿ ಕಟ್ಟುವವರು ಆಕರಚಿತ್ರ ಎಲ್ಲಿಯದು ಎಂದು ಖಚಿತ ಮಾಡಿಕೊಳ್ಳಿ.

ಕಟ್ಟಿದ ಮೇಲೆ ಕಿಟಕಿಯ ಬಿಸಿಲಿಗೆ ಇಡಬೇಡಿ. ಬಿಸಿಲಿಗೆ ಬಿಳಿ ತುಂಡುಗಳು ಹಳದಿಯಾಗುತ್ತವೆ, ತಿಳಿ ಬಣ್ಣಗಳು ಕೆಡುತ್ತವೆ. ತೊಳೆಯುವುದಾದರೆ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ಅರ್ಧಸ್ಟಡ್:

ಐದುಪ್ಲೇಟ್ ಅವರೇ, ಮುಖ ಈಗ ಸರಿಯಾಗಿ ಕೂತಿದೆ. ಕ್ರಮವನ್ನು ಮೊದಲು ಕೆಳಗಿನಿಂದಲೇ ಬ್ರಿಕ್ ಎಂದು ಹಾಕಿದ್ದೆ, ನೀವು ಹೇಳಿದ ಅರ್ಧ ಪ್ಲೇಟ್ ಏಳುವಿಕೆ ಹಾಗೇ ಬಂತು. ಎಸಳಿಗೆ ಜಂಪರ್ ತರಿಸಬೇಕು. ಟೋಪಿ ಮತ್ತು ಎಲ್ಫಬಾಳ ಕಪ್ಪು ಉಡುಪಿನ ಬಗ್ಗೆ ಯಾರಾದರೂ ಹೇಳುತ್ತೀರಾ? ಉಡುಪು ಫೋಟೋದಲ್ಲಿ ಬರೀ ಕಪ್ಪು ಮುದ್ದೆಯಾಗಿ ಕಾಣುತ್ತಿದೆ. ಪೊರಕೆ ಹಿಡಿದ ಕೈಯೂ ಇಳಿಯುತ್ತಿದೆ.

ಕರಿಟೈಲ್:

ಟೋಪಿಯ ಅಂಚು ಎಷ್ಟಿರಬೇಕು ಎಂಬುದನ್ನು ತಲೆಯೇ ಹೇಳುತ್ತದೆ. ಐದುಪ್ಲೇಟ್ ಹೇಳಿದ ಹಾಗೆ ಕಟ್ಟಿ ಪಕ್ಕಗಳಿಗೂ ಟೈಲ್ ಮುಚ್ಚಿದರೆ ತಲೆ 44.8 ಮಿ.ಮೀ. ಅಗಲ, 48 ಮಿ.ಮೀ. ಆಳ. 6×6 ದುಂಡು ಅಂಚು 48 ಮಿ.ಮೀ. ಮಾತ್ರ, ಮುಂದಿನಿಂದ ಕಾಣುವುದೇ ಇಲ್ಲ. 8×8 ಅಂದರೆ 64 ಮಿ.ಮೀ., ಎಡ–ಬಲಕ್ಕೆ 9.6 ಮಿ.ಮೀ. ಹೊರಚಾಚುತ್ತದೆ. ತಲೆಯ ಮೂಲೆಯಿಂದ ಮೂಲೆಗೆ 65.7 ಮಿ.ಮೀ. ಇರುವುದರಿಂದ ನಾಲ್ಕೂ ಮೂಲೆ ಒಂದು ಮಿ.ಮೀ.ಗಿಂತ ಕಡಿಮೆ ಇಣುಕುತ್ತದೆ. ಮೂಲೆಯಲ್ಲಿ ಟೈಲ್ ಬದಲು ಬಾಗಿದ ಸ್ಲೋಪ್ (ಇಳಿಜಾರಿನ ತುಂಡು, 11477) ಹಾಕಿ, ಇಣುಕುವುದು ನಿಲ್ಲುತ್ತದೆ, ಕೂದಲೂ ಮೃದುವಾಗಿ ಕಾಣುತ್ತದೆ.

ಅಂಚಿನ ಮೇಲೆ 4×4×2 ಕೋನ್ (3943), ಅದರ ಮೇಲೆ 2×2 ಜಂಪರ್ (87580), ಅದರ ಮೇಲೆ 2×2×2 ಕೋನ್ (3942), ತುದಿಗೆ 1×1 ಕೋನ್ (4589). ಮೇಲಿನ ಕೋನ್‌ನ ಒಂದು ಮೂಲೆಯ ತೂತನ್ನು ಜಂಪರ್‌ನ ಸ್ಟಡ್‌ಗೆ ಹಾಕಿದರೆ ಸುಮಾರು 5.7 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಟೋಪಿಗೆ ಸೊಟ್ಟ ಬರುತ್ತದೆ. ಒಂದೇ ಸ್ಟಡ್ ಆದ್ದರಿಂದ ಅದು ತಿರುಗುತ್ತದೆ. ಇಲ್ಲಿ ಅದು ಒಳ್ಳೆಯದೇ, ಸೊಟ್ಟ ಯಾವ ಕಡೆಗೆ ಎಂದು ಕೊನೆಗೆ ನಿರ್ಧರಿಸಬಹುದು. ಇಡೀ ಟೋಪಿಯನ್ನು ಹಿಂಜ್ ಮೇಲೆ ಓರೆ ಮಾಡಬೇಡಿ. ಅಂಚು ತಲೆಯ ಮೇಲಿನ ಸ್ಟಡ್‌ಗಳನ್ನು ನೇರ ಕಚ್ಚಿರುವುದೇ ಅದರ ಬಲ.

ವಾಲುವುದಕ್ಕೆ ಟೋಪಿಯೊಂದೇ ಕಾರಣವಲ್ಲ, ಪಾದ ಕಿರಿದಾಗಿದೆ. ಭಾರದ ಕೇಂದ್ರ ನೆಲದಿಂದ 11 ಸೆಂ.ಮೀ. ಮೇಲಿದೆ ಎಂದುಕೊಂಡರೆ 4×4 ಪಾದದ ಗೊಂಬೆ 8 ಡಿಗ್ರಿ ವಾಲಿದರೆ ಸಾಕು, ಉರುಳುತ್ತದೆ. 6×6ಕ್ಕೆ 12 ಡಿಗ್ರಿ, 8×8ಕ್ಕೆ 16. ಉಡುಪಿನ ಕೆಳಗಂಚನ್ನು 8×8 ಮಾಡಿ. ಇನ್ನೊಂದು ವಿಷಯದಲ್ಲಿ ನಾನು ಐದುಪ್ಲೇಟ್ ಅವರನ್ನು ಒಪ್ಪುವುದಿಲ್ಲ: ತಲೆಯೊಳಗಿನ ಎರಡು 3003 ಬೇಡ. ಸುತ್ತಲಿನ ಬ್ರಿಕ್‌ಗಳನ್ನು ಕೆಳಗಿನ ಮತ್ತು ಮೇಲಿನ ಪ್ಲೇಟ್‌ಗಳೇ ಕಟ್ಟಿಹಾಕುತ್ತವೆ. ಆ ಬ್ರಿಕ್‌ಗಳನ್ನು ಪಾದಕ್ಕೆ ತುಂಬಿ. ತಲೆ ಟೊಳ್ಳು, ಬುಡ ಗಟ್ಟಿ.

ಕಪ್ಪು ಉಡುಪು. ಕಪ್ಪಿನಲ್ಲಿ ಆಕಾರವನ್ನು ತೋರಿಸುವುದು ಬೆಳಕಿನ ಹೊಳಪು ಮಾತ್ರ. ನುಣುಪು ಟೈಲ್ ಮಾತ್ರ ಹಾಕಿದರೆ ಇಡೀ ಮೈ ಒಂದೇ ಫಲಕವಾಗುತ್ತದೆ. ಚಿತ್ರಕ್ಕಾಗಿ ಪಾಲ್ ಟೇಜ್‌ವೆಲ್ ಮಾಡಿದ ಉಡುಪುಗಳಲ್ಲಿ (2025ರಲ್ಲಿ ಆಸ್ಕರ್ ಬಂದದ್ದು ಇದೇ ಕೆಲಸಕ್ಕೆ) ಎಲ್ಫಬಾಳ ಕಪ್ಪು ಉಡುಪಿನ ತುಂಬ ಒತ್ತೊತ್ತಾದ ಸಣ್ಣ ನೆರಿಗೆಗಳಿವೆ. ಆ ನೆರಿಗೆಗೆಂದೇ ಹೇಳಿ ಮಾಡಿಸಿದಂತಿವೆ ಎರಡು ತುಂಡು: ಜಾಲರಿ ಟೈಲ್ (2412) ಮತ್ತು ಗೀರುಗಳಿರುವ 1×2 ಬ್ರಿಕ್ (2877). ಸೊಂಟದಿಂದ ಮೊಣಕಾಲಿನ ತನಕ ಗೀರು ನೆಟ್ಟಗೆ ಬರುವಂತೆ 2877, ಕೆಳಗೆ ಬಾಗಿದ ಸ್ಲೋಪ್‌ಗಳು, ತೋಳಿಗೆ 2412. ನುಣುಪಿನ ಪಕ್ಕ ಗೀರು ಬಂದಾಗ ಎರಡೂ ಕಾಣುತ್ತವೆ. ಎಲ್ಲ ಕಡೆ ಗೀರು ಹಾಕಿದರೆ ಮತ್ತೆ ಮುದ್ದೆಯೇ. ಫೋಟೋಗೆ ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಬರಲಿ.

ಕೈ ಇಳಿಯುವುದು ಗೋಲಿಕೀಲು ಬಳಸಿದ್ದರಿಂದ ಇರಬೇಕು. ಬರಿಗೈಗೆ ಅದು ಸಾಕು, ಪೊರಕೆಯ ಉದ್ದಕ್ಕೆ ಸಾಲದು. ಭುಜಕ್ಕೆ ಹಲ್ಲಿರುವ ಹಿಂಜ್ ಹಾಕಿ. ಅದು 22.5 ಡಿಗ್ರಿಗೊಮ್ಮೆ ಕಟ್ ಎಂದು ನಿಲ್ಲುತ್ತದೆ, ನಡುವಿನ ಕೋನ ಸಿಗುವುದಿಲ್ಲ, ಆದರೆ ಜಾರುವುದಿಲ್ಲ. ಪೊರಕೆಯ ಕೋಲನ್ನು ತುದಿಯಲ್ಲಿ ಹಿಡಿಸಬೇಡಿ. ಕೈಯ ಕ್ಲಿಪ್‌ನಲ್ಲಿ ಹಿಡಿಸುವ ಮೊದಲು ಕೋಲನ್ನು ಬೆರಳ ಮೇಲೆ ತೂಗಿ ನೋಡಿ, ಸಮತೂಕ ಸಿಗುವ ಜಾಗ ಪೊರಕೆಯ ಕಡೆಗೇ ಇರುತ್ತದೆ, ಅಲ್ಲಿ ಹಿಡಿಸಿ. ಪೊರಕೆಯ ಬುಡ ನೆಲಕ್ಕೆ ತಾಗಿದರೆ ಇನ್ನೂ ಒಳ್ಳೆಯದು, ಗೊಂಬೆಗೆ ಮೂರನೆಯ ಕಾಲು ಸಿಕ್ಕಂತೆ.

ಕಂದು ಕೋಲಿಗೆ ಕಂದು ಕ್ಲಿಪ್ ಬೇಡ. ಹಳೆಯ ರೆಡ್ಡಿಶ್ ಬ್ರೌನ್ ತುಂಡುಗಳು ಪೆಡಸು, ಕ್ಲಿಪ್‌ನ ಬಾಯಿ ಬಾರ್‌ಗೆ ಒತ್ತುವಾಗಲೇ ಮುರಿಯುತ್ತದೆ. ಕೈ ಹಸಿರಾದ್ದರಿಂದ ಕ್ಲಿಪ್ಪೂ ಹಸಿರೇ ಇರಲಿ.

ಐದುಪ್ಲೇಟ್:

3003 ಬಗ್ಗೆ ಕರಿಟೈಲ್ ಹೇಳಿದ್ದು ಸರಿ, ತೆಗೆದುಬಿಡಿ. ಒಂದು ಎಚ್ಚರ: ಟೊಳ್ಳು ತಲೆಯನ್ನು ಪಕ್ಕದ ಪ್ಲೇಟ್ ಹಿಡಿದು ಎತ್ತಬೇಡಿ. ಎಡ–ಬಲದ 4×6 ಹಿಡಿದಿರುವುದು 11211ರ ನಾಲ್ಕು ಸ್ಟಡ್ ಮಾತ್ರ, ಅದು ಕೈಗೆ ಬರುತ್ತದೆ. ಗೊಂಬೆಯನ್ನು ಸೊಂಟ ಹಿಡಿದು ಎತ್ತಿ. ಗ್ಲಿಂಡಾಳನ್ನು ಮಾತ್ರ ಗೌನಿನ ಅಡಿಯ ಪಾದ ಹಿಡಿದು, ಎಸಳು ಮುಟ್ಟದೆ.